ಭಾವನ ಪೀಪಾಯಿ

ನನ್ನ ಭಾವ, ಅಂದರೆ ಅಕ್ಕನ ಗಂಡ, ಸಿಂಗಲ್ ಮಾಲ್ಟಿಗೆ ಸೋಡಾ ಬೆರೆಸಿ ಕುಡಿಯುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವರ ಮೇಲೆ ನನಗಿದ್ದ ಸಿಟ್ಟು ಇದೊಂದೇ. ಗ್ಲಾಸಿನ ತುಂಬ ಐಸು, ಮೇಲೆ ಸೋಡಾ, ಪಕ್ಕದಲ್ಲಿ ಮಿಡಿ ಉಪ್ಪಿನಕಾಯಿ. ಯಾವನೋ ಒಬ್ಬ ಹನ್ನೆರಡು ವರ್ಷ ಕಾದು ಮಾಡಿದ್ದನ್ನು ಎರಡು ನಿಮಿಷದಲ್ಲಿ ಹಾಳು ಮಾಡುತ್ತೀರಲ್ಲ ಎಂದು ನಾನು ರೇಗಿದರೆ, ಕಾಯಲು ಅವನಿಗೆ ನಾನು ಹೇಳಿದ್ದೆನೇ ಎಂದು ಕೇಳಿ ನಗುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದ ಹೊಸತು. ಭಾವ, ಅಕ್ಕ ಮತ್ತು ಅವರ ಪುಟ್ಟ ಮಗಳು ಸಿಡ್ನಿಯ ಎಪ್ಪಿಂಗ್‌ನಲ್ಲಿ ಒಂದು ಅಪಾರ್ಟ್‌ಮೆಂಟಿನಲ್ಲಿದ್ದರು; ಭಾವನ ಆಫೀಸು ನಾರ್ವೆಸ್ಟ್‌ನಲ್ಲಿ. ನಾನು ಮೆಲ್ಬರ್ನಿನಲ್ಲಿ ಒಬ್ಬನೇ ಇದ್ದೆ. ಕೆಮಿಸ್ಟ್ರಿ ಓದಿಕೊಂಡು ಬಂದವನಿಗೆ ಊರಂಚಿನ ಫ್ಯಾಕ್ಟರಿಗಳ ಸಾಲಿನ ಹಿಂದೆ, ತಗಡಿನ ಮಾಡಿನ ಶೆಡ್ಡೊಂದರಲ್ಲಿ ಮಾಲ್ಟ್ ವಿಸ್ಕಿ ಬಟ್ಟಿ ಇಳಿಸುವ ಕೆಲಸ ಸಿಕ್ಕಿತ್ತು. ಮಾಲೀಕರು ಮತ್ತು ನಾನು, ಇಬ್ಬರದ್ದೇ ಕಾರುಬಾರು. ಊರಿನಲ್ಲಿ ಅಮ್ಮ, ಮಗ ಔಷಧಿ ಕಂಪನಿಯಲ್ಲಿದ್ದಾನೆ ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಅದು ಪೂರ್ತಿ ಸುಳ್ಳೂ ಅಲ್ಲ ಎಂದು ಭಾವ ಅವಳ ಪರ ವಹಿಸುತ್ತಿದ್ದರು.

ಕೆಲಸ ನೋಡಿದರೆ ಸರಳ. ಬಾರ್ಲಿಯನ್ನು ನೆನೆಹಾಕಿ, ಹೆಸರುಕಾಳಿನ ಹಾಗೆ ಮೊಳಕೆ ಬರಿಸಿ, ಒಣಗಿಸಿದರೆ ಅದೇ ಮಾಲ್ಟ್. ಅದನ್ನು ಬಿಸಿನೀರಿನಲ್ಲಿ ಕದಡಿ, ಸಿಹಿ ಇಳಿಸಿ, ಯೀಸ್ಟು ಹಾಕಿ ಹುಳಿಬರಿಸಿ, ತಾಮ್ರದ ಹಂಡೆಯಲ್ಲಿ ಎರಡು ಸಲ ಬಟ್ಟಿ ಇಳಿಸುವುದು. ಬೇರೆ ಧಾನ್ಯ ಬೆರೆಸುವಂತಿಲ್ಲ, ಬೇರೆ ಬಟ್ಟಿಯದ್ದು ಕೂಡಿಸುವಂತಿಲ್ಲ. ಸಿಂಗಲ್ ಎಂದರೆ ಅಷ್ಟೇ. ಊರಿನಲ್ಲಿ ನಾವು ವಿಸ್ಕಿ ಎಂದು ಗೌರವದಿಂದ ಕುಡಿದದ್ದರಲ್ಲಿ ಹೆಚ್ಚಿನದ್ದು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಮಾಡಿ ಬಣ್ಣ ಕಟ್ಟಿದ್ದು ಎಂದು ತಿಳಿದ ದಿನ ಭಾವನಿಗೆ ಫೋನ್ ಮಾಡಿ ಹೇಳಿದ್ದೆ. ಅವರಿಗೆ ಸ್ವಲ್ಪ ದುಃಖವೇ ಆಯಿತು.

ಹಂಡೆಯಿಂದ ಇಳಿಯುವಾಗ ಅದು ನೀರಿನ ಹಾಗೆ ತಿಳಿಯಾಗಿ, ಬಾಯಿ ಸುಡುವಂತೆ ಇರುತ್ತದೆ. ಆಮೇಲೆ ಓಕ್ ಮರದ ಪೀಪಾಯಿಗೆ ಹೋಗಿ ಕೂರಬೇಕು. ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಸುಂಕದವರ ಕಣ್ಣು ತಪ್ಪಿಸಿ, ನಮ್ಮ ಕಳ್ಳಬಟ್ಟಿಯವರ ಹಾಗೆಯೇ ಮರೆಯಲ್ಲಿ ಬಟ್ಟಿ ಇಳಿಸುತ್ತಿದ್ದವರು ಮಾಲನ್ನು ಪೀಪಾಯಿಗಳಲ್ಲಿ ಅಡಗಿಸಿಟ್ಟರಂತೆ. ವರ್ಷಗಳ ಮೇಲೆ ತೆರೆದಾಗ ಅದರ ಬಣ್ಣವೂ ಗುಣವೂ ಬೇರೆಯಾಗಿತ್ತಂತೆ. ನಿಜವೋ ಕತೆಯೋ, ನನಗೆ ಇದನ್ನು ಹೇಳಿದವರು ಮಾಲೀಕರು. ಈಗ ಅದಕ್ಕೆ ಕಾನೂನೇ ಇದೆ. ಅಲ್ಲಿ ಮೂರು ವರ್ಷ, ಆಸ್ಟ್ರೇಲಿಯಾದಲ್ಲಿ ಎರಡು ವರ್ಷ ಮರದೊಳಗೆ ಕೂರದೆ ಅದನ್ನು ವಿಸ್ಕಿ ಎನ್ನುವ ಹಾಗಿಲ್ಲ.

ಕೂತಷ್ಟು ದಿನವೂ ಮರದ ಸಂದಿನಿಂದ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಆ ಕಸುಬಿನವರು ಅದನ್ನು ದೇವದೂತರ ಪಾಲು ಎನ್ನುತ್ತಾರೆ. ಕೇಳಿದವರೆಲ್ಲ ನಗುವ ಮಾತು ಎಂದುಕೊಂಡು ಮಾಲೀಕರು ನನಗೆ ಹೇಳಿದರು. ನನಗೆ ನಗು ಬರಲಿಲ್ಲ. ಕಾಣದವರಿಗೆ ಪಾಲು ಇಡುವ ಮನೆಯಿಂದಲೇ ನಾನು ಬಂದವನು.

ನಮ್ಮ ಕಡೆ, ತುಳು ಮಾತಾಡುವ ಮನೆಗಳಲ್ಲಿ, ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಸತ್ತವರಿಗೆ ಬಡಿಸುತ್ತಾರೆ. ಬಾಳೆ ಎಲೆ ಹಾಕಿ, ಅವರವರಿಗೆ ಏನು ಇಷ್ಟವೋ ಅದೆಲ್ಲ ಇಡುವುದು. ಕೋಳಿ ಸಾರು, ಮೀನು, ಕುಡಿಯುತ್ತಿದ್ದವರಿಗೆ ಕಳ್ಳು. ಮೊದಲು ಯಾರೂ ರುಚಿ ನೋಡುವಂತಿಲ್ಲ, ಎಂಜಲಾಗುತ್ತದೆ. ದೀಪ ಇಟ್ಟು, ಬಾಗಿಲು ಹಾಕಿ, ಎಲ್ಲರೂ ಹೊರಗೆ ಕೂರುತ್ತೇವೆ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲಿಗೆ ಎರಡು ಸಲ ಬಡಿದು, ಅವರಿಗೆ ಏಳಲು ಸಮಯ ಕೊಟ್ಟು ತೆರೆಯುತ್ತೇವೆ. ಆಮೇಲೆ ಆ ಎಲೆಯದ್ದನ್ನೇ ಮನೆಯವರು ಹಂಚಿಕೊಂಡು ಉಣ್ಣುವುದು. ಬದುಕಿದ್ದಾಗ ಕೇಳಿ ಸಿಗದೆ ಹೋದದ್ದು ಏನಾದರೂ ಇದ್ದರೆ ಅದನ್ನು ಮೊದಲು ಬಡಿಸಬೇಕು, ಇಲ್ಲದಿದ್ದರೆ ಅವರು ಎಲೆಯ ಮುಂದಿನಿಂದ ಏಳುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದರು.

ಭಾವನಿಗೆ ತನ್ನದೇ ಒಂದು ಪೀಪಾಯಿ ಬೇಕು ಎಂಬ ಹುಚ್ಚು ಹಿಡಿಸಿದ್ದು ನಾನೇ. ಇಪ್ಪತ್ತು ಲೀಟರಿನ ಪುಟ್ಟ ಪೀಪಾಯಿ. ಅದನ್ನು ತುಂಬುವ ದಿನ ಅಕ್ಕನನ್ನೂ ಮಗಳನ್ನೂ ಕರೆದುಕೊಂಡು ಮೆಲ್ಬರ್ನಿಗೆ ಬಂದರು. ತುಂಬಿದ ತೂತಿಗೆ ಬೆಣೆ ಬಡಿದಾದ ಮೇಲೆ ಸೀಮೆಸುಣ್ಣ ತೆಗೆದುಕೊಂಡು ಪೀಪಾಯಿಯ ಮುಖದ ಮೇಲೆ ಕನ್ನಡದಲ್ಲಿ ‘ಮುಟ್ಟಬೇಡಿ’ ಎಂದು ಬರೆದರು. ಆ ಶೆಡ್ಡಿನಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಆಮೇಲೆ ಬಂದಾಗಲೆಲ್ಲ ಪೀಪಾಯಿಯ ಹೊಟ್ಟೆಗೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು, ಹಲಸಿನಕಾಯಿ ನೋಡಿದ ಹಾಗೆ ಕಿವಿಯಿಟ್ಟು ಕೇಳುತ್ತಿದ್ದರು.

ಎರಡು ವರ್ಷ ತುಂಬುವ ಹೊತ್ತಿಗೆ ಅವರಿಗೆ ಹೊಟ್ಟೆನೋವು ಶುರುವಾಗಿತ್ತು. ಆಸ್ಪತ್ರೆ, ಟೆಸ್ಟು, ಕಟ್ಟುನಿಟ್ಟಿನ ಪಥ್ಯ ಎಂದು ಅಕ್ಕ ಫೋನಿನಲ್ಲಿ ಹೇಳುತ್ತಿದ್ದಳು. ಒಂದು ದಿನ ಫೋನ್ ಮಾಡಿ, ಇನ್ನು ಪಥ್ಯ ಬೇಡವಂತೆ, ಏನು ಕೇಳಿದರೂ ಕೊಡಿ ಎಂದು ಡಾಕ್ಟರು ಹೇಳಿದ್ದಾರೆ ಎಂದಳು. ನಾನು ಖುಷಿಪಟ್ಟೆ. ಅಂತೂ ಗುಣವಾಯಿತಲ್ಲ ಎಂದು ಅವಳಿಗೇ ಸಮಾಧಾನ ಹೇಳಿದೆ. ಅವಳು ಫೋನ್ ಇಟ್ಟಳು. ನನ್ನಂಥ ದಡ್ಡ ಇನ್ನೊಬ್ಬ ಇರಲಾರ.

ಮುಂದಿನ ವಾರ ಭಾವ ಒಬ್ಬರೇ ಫ್ಲೈಟಿನಲ್ಲಿ ಬಂದಿಳಿದರು. ಅದೇ ಹಳೆಯ ಶರ್ಟು ಮೈಮೇಲೆ ಜೋತಾಡುತ್ತಿತ್ತು. ಮಧ್ಯಾಹ್ನದ ಹೊತ್ತು ಶೆಡ್ಡಿನಲ್ಲಿ ಬೋರಲು ಹಾಕಿದ ಕ್ರೇಟಿನ ಮೇಲೆ ಕೂತು, ಪೀಪಾಯಿಗೆ ಎರಡು ಸಲ ಬಡಿದರು. ನಾನು ತಾಮ್ರದ ಕೊಳವೆ ಇಳಿಸಿ ಸ್ವಲ್ಪ ತೆಗೆದು ಅವರ ಗ್ಲಾಸಿಗೆ ಬಿಟ್ಟೆ. ಅಂಗೈಗೆ ಎರಡು ಹನಿ ಹಾಕಿಕೊಂಡು ನೆಕ್ಕಿ ನೋಡುತ್ತಿದ್ದೆ; ಅಷ್ಟರಲ್ಲಿ ಅವರು ಚೀಲದಿಂದ ಒಂದು ಸೋಡಾ ಬಾಟಲಿ ತೆಗೆದರು. ಸಿಡ್ನಿಯಿಂದ ಹೊತ್ತು ತಂದಿದ್ದರು.

ನನಗೆ ರೇಗಿತು. ಎರಡು ವರ್ಷ ನಾನು ಮಗುವಿನ ಹಾಗೆ ನೋಡಿಕೊಂಡದ್ದಕ್ಕೆ ಸೋಡಾ. ಇನ್ನೂ ಆಗಿಲ್ಲ ಭಾವ, ಮರದ ವಾಸನೆ ಇನ್ನೂ ಬಿಟ್ಟಿಲ್ಲ, ಇನ್ನೊಂದು ಚಳಿಗಾಲ ಕಾಯಿರಿ ಎಂದು ಗ್ಲಾಸಿಗೆ ಕೈ ಚಾಚಿದೆ.

“ಸ್ವಲ್ಪ ಕೊಡು ಮಾರಾಯ,” ಎಂದರು. “ಆಗದಿದ್ರೂ ಅಡ್ಡಿಲ್ಲ.”

ನಾನು ಅವರ ಕೈಯಿಂದ ಗ್ಲಾಸು ತೆಗೆದುಕೊಂಡೆ. ಅವರ ಬೆರಳುಗಳು ಗಟ್ಟಿಯಾಗಿ ಹಿಡಿದಿರಲಿಲ್ಲ, ಸುಲಭವಾಗಿ ಬಂತು. ಅದರಲ್ಲಿದ್ದದ್ದನ್ನು ಲ್ಯಾಬಿನ ಸ್ಯಾಂಪಲ್ ಬಾಟಲಿಗೆ ಸುರಿದು, ಮುಚ್ಚಿ, ತಾರೀಕು ಹಾಕಿ, ‘ಆಗಿಲ್ಲ’ ಎಂದು ಬರೆದು ಶೆಲ್ಫಿನ ಮೇಲಿಟ್ಟೆ. ಭಾವ ಸೋಡಾ ಬಾಟಲಿಯನ್ನು ವಾಪಸು ಚೀಲದೊಳಗೆ ಹಾಕಿಕೊಂಡರು. ಊಟಕ್ಕೆ ಹೋದೆವು; ಅವರು ತಿನ್ನಲಿಲ್ಲ. ಮೂರು ವಾರದಲ್ಲಿ ಹೋಗಿಬಿಟ್ಟರು.

ಆಮೇಲಿನ ಮೂರು ವರ್ಷ ನಾನು ಆ ಪೀಪಾಯಿ ತೆರೆಯಲಿಲ್ಲ. ಮಾಲೀಕರು ಎರಡು ಸಲ ಕೇಳಿದರು, ಇನ್ನೂ ಇರಲಿ ಎಂದೆ. ಸೀಮೆಸುಣ್ಣದ ಅಕ್ಷರ ಮಸುಕಾದಾಗ ಅಳಿಸಿಹೋಗಲಿ ಎಂದು ಬಿಡಲೂ ಆಗಲಿಲ್ಲ, ಮತ್ತೆ ತಿದ್ದಲೂ ಕೈ ಬರಲಿಲ್ಲ. ಬೇಸಿಗೆಯ ಮಧ್ಯಾಹ್ನ ತಗಡು ಕಾದು ಮರ ಹಿಗ್ಗುವಾಗ ಪೀಪಾಯಿಗಳು ಟಕ್ ಎನ್ನುತ್ತವೆ. ಅದು ಎಲ್ಲ ಶೆಡ್ಡುಗಳಲ್ಲೂ ಆಗುವುದೇ, ಕಾರಣವೂ ನನಗೆ ಗೊತ್ತು. ಆದರೆ ಬೆನ್ನ ಹಿಂದೆ ಟಕ್ ಟಕ್ ಎಂದು ಎರಡು ಸಲ ಕೇಳಿಸಿದರೆ ನಾನು ತಿರುಗಿ ನೋಡುತ್ತಿರಲಿಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಬಿಸಿಲಿಗೆ ಹೋಗಿ ನಿಲ್ಲುತ್ತಿದ್ದೆ.

ಪ್ರತಿವರ್ಷ ಆಟಿಯಲ್ಲಿ ಎಪ್ಪಿಂಗ್‌ಗೆ ಹೋಗುತ್ತಿದ್ದೆ. ಅಕ್ಕ ಮಲಗುವ ಕೋಣೆಯಲ್ಲೇ ಎಲೆ ಹಾಕಿ ಬಡಿಸುತ್ತಿದ್ದಳು, ಅಂಗಡಿಯಿಂದ ತಂದ ವಿಸ್ಕಿ ಇಡುತ್ತಿದ್ದಳು. ಪೀಪಾಯಿಯ ವಿಷಯ ಅವಳು ಎತ್ತುತ್ತಿರಲಿಲ್ಲ. ಮೂರನೆಯ ವರ್ಷ ಮಾತ್ರ ಫೋನ್ ಮಾಡಿ, ಈ ಸಲ ಅವರದ್ದನ್ನೇ ತಾ ಎಂದಳು. ಸಾಯುವ ಮುಂಚೆ, ಸ್ವಲ್ಪ ಕೊಡು ಅಂದೆ, ನಿನ್ನ ತಮ್ಮ ಇನ್ನೊಂದು ಚಳಿಗಾಲ ಅಂದಿದ್ದಾನೆ ಎಂದು ಭಾವ ಅವಳಿಗೆ ಹೇಳಿದ್ದರಂತೆ. ಕನಸಿನಲ್ಲಿ ಬಂದರೆ ಎಲೆಯ ಮುಂದೆ ಕೂತೇ ಇರುತ್ತಾರೆ, ಉಣ್ಣುವುದಿಲ್ಲ ಎಂದಳು.

ಮರುದಿನ ಬೆಳಿಗ್ಗೆಯೇ ಬೆಣೆ ತೆಗೆದೆ. ಅರ್ಧಕ್ಕಿಂತ ಕಡಿಮೆ ಇತ್ತು. ಬಣ್ಣ ಕರಿಚಹಾದಷ್ಟು ಕಪ್ಪು. ಬಾಯಿಗೆ ಹಾಕಿದರೆ ಕಷಾಯ; ನಾಲಿಗೆ ಒಗರಿನಿಂದ ಒಣಗಿಹೋಯಿತು. ಪುಟ್ಟ ಪೀಪಾಯಿಯಲ್ಲಿ ಮದ್ಯಕ್ಕೆ ಮರ ತೀರಾ ಹತ್ತಿರ, ಬೇಗ ಹಣ್ಣಾಗುತ್ತದೆ, ಬೇಗ ಕೆಡುತ್ತದೆ. ಇದನ್ನು ನಾನು ಬಂದವರಿಗೆಲ್ಲ ವಿವರಿಸುತ್ತಿದ್ದವನು. ದೇವದೂತರು ತಮ್ಮ ಪಾಲು ಬಿಡದೆ ತೆಗೆದುಕೊಂಡಿದ್ದರು, ಭಾವನ ಪಾಲಿಗೆ ಕಹಿ ಉಳಿದಿತ್ತು. ಪೀಪಾಯಿಯ ಪಕ್ಕ ಅದೇ ಕ್ರೇಟಿನ ಮೇಲೆ ಕೂತು ನಾನು ಅತ್ತೆ.

ಆಗ ಶೆಲ್ಫಿನ ಬಾಟಲಿ ನೆನಪಾಯಿತು ಎಂದರೆ ಸುಳ್ಳು. ಅದನ್ನು ಒಂದು ದಿನವೂ ಮರೆತಿರಲಿಲ್ಲ. ಚೀಟಿ ಕಾಣದ ಹಾಗೆ ಗೋಡೆಯ ಕಡೆ ತಿರುಗಿಸಿಟ್ಟಿದ್ದೆ. ಗಾಜಿನೊಳಗೆ ವಿಸ್ಕಿಗೆ ವಯಸ್ಸಾಗುವುದಿಲ್ಲ. ಮುಚ್ಚಿದಾಗಿನ ಮಟ್ಟ ಹಾಗೆಯೇ ಇತ್ತು, ಯಾರೂ ಏನೂ ತೆಗೆದುಕೊಂಡಿರಲಿಲ್ಲ. ಬೆಳಕಿಗೆ ಹಿಡಿದೆ, ಒಳ್ಳೆಯ ಜೇನಿನ ಬಣ್ಣ. ಒಂದು ಹನಿ ನಾಲಿಗೆಗೆ ಇಟ್ಟರೆ ಅಂದು ನಾನು ಹೇಳಿದ್ದು ನಿಜವೋ, ಸೋಡಾ ನೋಡಿದ ಸಿಟ್ಟೋ ಎಂಬುದು ತಿಳಿಯುತ್ತಿತ್ತು. ಮುಚ್ಚಳಕ್ಕೆ ಕೈ ಹಾಕಿದೆ. ರುಚಿ ನೋಡಿದರೆ ಎಂಜಲಾಗುತ್ತದೆ. ಕೈ ತೆಗೆದೆ. ಚೀಟಿ ಕಿತ್ತುಹಾಕಿ, ಬಾಟಲಿಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಸಿಡ್ನಿಗೆ ಹೋದೆ.

ಅಕ್ಕ ಅಂಗಡಿಯ ಫ್ರೀಜರಿನಿಂದ ತಂದ ಬಾಳೆ ಎಲೆಯನ್ನು ಬಿಸಿನೀರಿನಲ್ಲಿ ಬಿಡಿಸಿಟ್ಟಿದ್ದಳು. ಸಾಂಬ್ರಾಣಿಯ ಹೊಗೆಗೆ ಸ್ಮೋಕ್ ಅಲಾರಂ ಕಿರುಚದ ಹಾಗೆ ನಾನು ಸ್ಟೂಲು ಹತ್ತಿ ಅದರ ಬ್ಯಾಟರಿ ತೆಗೆದೆ. ಅನ್ನ, ಕೋಳಿ ಸಾರು, ಮಿಡಿ ಉಪ್ಪಿನಕಾಯಿ. ನಾನು ಬಾಟಲಿಯದ್ದೆಲ್ಲವನ್ನೂ ಒಂದೇ ಗ್ಲಾಸಿಗೆ ಸುರಿದೆ, ಎರಡು ಬೆರಳಿನಷ್ಟು ಆಯಿತು. ಅಕ್ಕ ಫ್ರಿಜ್ಜಿನಿಂದ ಐಸು, ಸೋಡಾ ತಂದು ಗ್ಲಾಸಿನ ಕಂಠದವರೆಗೆ ತುಂಬಿದಳು. ನಾನೇ ಅದನ್ನು ಎಲೆಯ ಪಕ್ಕ ಇಟ್ಟೆ.

ಬಾಗಿಲು ಹಾಕಿ ಹಾಲ್‌ನಲ್ಲಿ ಕೂತೆವು. ಒಳಗಿನಿಂದ ಐಸು ಕರಗಿ ಗ್ಲಾಸಿಗೆ ತಾಗುವ ಸದ್ದು ಒಮ್ಮೆ ಕೇಳಿಸಿತು. ಅಕ್ಕನೂ ಕೇಳಿಸಿಕೊಂಡಳು, ನನ್ನ ಮುಖ ನೋಡಿದಳು. ಮಗಳಿಗೆ ಆಗ ಒಂಬತ್ತು ವರ್ಷ. ನಮ್ಮ ಮಾತೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. “ಈಸ್ ಹಿ ಡನ್?” ಎಂದು ಮೆಲ್ಲಗೆ ಕೇಳಿದಳು. ಅಕ್ಕ ನನಗೆ ಬಾಗಿಲು ಬಡಿಯಲು ಹೇಳಿದಳು. ಬೆರಳ ಗೆಣ್ಣಿನಿಂದ ಎರಡು ಸಲ ಬಡಿದೆ. ಆ ಸದ್ದು ನನಗೆ ಚೆನ್ನಾಗಿ ಗೊತ್ತಿದ್ದ ಸದ್ದು. ಬಾಗಿಲು ತೆರೆಯಲು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಕೋಣೆಯಲ್ಲಿ ದೀಪ ಉರಿಯುತ್ತಿತ್ತು, ಎಲೆ ಇಟ್ಟ ಹಾಗೆಯೇ ಇತ್ತು. ಅಕ್ಕ ನೆಲಕ್ಕೆ ಕೂತು ಗ್ಲಾಸೆತ್ತಿ ನನಗೆ ಕೊಟ್ಟಳು, ಅವರ ಪಾಲಿನದ್ದು ನೀನೇ ಕುಡಿ ಎಂದಳು. ಕುಡಿದೆ. ಸೋಡಾ ಮೂಗಿಗೆ ಏರಿತು, ಅದರ ಹಿಂದೆಯೇ ವಿಸ್ಕಿಯ ರುಚಿ ಬಂತು. ಬಾರ್ಲಿಯ ಸಿಹಿ, ಒಣದ್ರಾಕ್ಷಿ, ಕೊನೆಗೆ ಗಂಟಲಿನಲ್ಲಿ ಮೆದುವಾದ ಬಿಸಿ. ಅಷ್ಟು ಸೋಡಾದ ಒಳಗಿಂದಲೂ ಗೊತ್ತಾಗುತ್ತಿತ್ತು, ಕಾಯಬೇಕಾದ್ದು ಏನೂ ಇರಲಿಲ್ಲ.

“ಅವತ್ತೇ ಆಗಿತ್ತು ಅಕ್ಕ,” ಎಂದೆ. “ನಾನು ಆಗಿಲ್ಲ ಅಂತ ಹೇಳಿ ಕೈಯಿಂದ ತೆಗೊಂಡೆ.”

ಅಕ್ಕ ಎಲೆಯ ಮೇಲಿನ ಅನ್ನಕ್ಕೆ ಸಾರು ಕಲಸುತ್ತಿದ್ದಳು. ತಲೆ ಎತ್ತಲಿಲ್ಲ.

“ಆಗಿದಾ ಅಂತ ಅವರು ಕೇಳ್ಲಿಲ್ಲ,” ಎಂದಳು. “ಸ್ವಲ್ಪ ಕೊಡು ಅಂದ್ರು.”

ಆಮೇಲೆ ಮೊದಲ ತುತ್ತನ್ನು ಮಗಳಿಗೆ ಕೊಟ್ಟು, ಎರಡನೆಯದನ್ನು ನನ್ನ ಕೈಗಿಟ್ಟಳು. ತಿನ್ನು ಎಂದಳು. ತುಂಬ ಹೊತ್ತು ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ.