ಎಡಗಾಲಿಗೆ ಹೊಂದಿದ ಟ್ರ್ಯಾಕ್ಟರ್

ಹಿತ್ತಿಲ ಜಗಲಿಯಲ್ಲಿ ಕೂತು ಈರುಳ್ಳಿ ಹೆಣೆಯುತ್ತಿದ್ದೆ. ನಮ್ಮ ಕುಮಟಾ ಕಡೆಯ ಸಿಹಿ ಈರುಳ್ಳಿಯನ್ನು ಸೊಪ್ಪಿನ ಸಮೇತ ಕಿತ್ತು ಒಣಗಿಸಿ, ಹೆಣ್ಣುಮಕ್ಕಳಿಗೆ ಜಡೆ ಹಾಕಿದ ಹಾಗೆ ಹೆಣೆದು ತೂಗುಹಾಕುತ್ತೇವೆ. ಅರ್ಧ ಜಡೆ ಆಗಿತ್ತು. ಬೇಲಿಯ ಆಚೆಯಿಂದ ಪಕ್ಕದ ಮನೆಯ ಸೊಸೆ ಕರೆದಳು. ಕೂಗಲಿಲ್ಲ, ಮೆಲ್ಲಗೇ ಕರೆದಳು.

"ಅಕ್ಕಾ, ಒಂಚೂರು ಬನ್ನಿ. ಮಾವ ಏಳ್ತಾ ಇಲ್ಲ."

ಹೋಗಿ ನೋಡಿದೆ. ಮಲಗಿದ ಹಾಗೇ ಇದ್ದರು, ಎರಡೂ ಕೈ ಎದೆಯ ಮೇಲೆ. ಅವರ ಬಲಗೈ ಎಡಗೈಗಿಂತ ಕಪ್ಪು. ಮೊಣಕೈಯಿಂದ ಕೆಳಗೆ ಬೇರೆ ಯಾರದೋ ಕೈ ತಂದು ಜೋಡಿಸಿದಷ್ಟು ಕಪ್ಪು. ಆ ಕೈಯನ್ನು ಬಸ್ಸಿನ ಕಿಟಕಿಯ ಮೇಲಿಟ್ಟು ಕುಮಟಾದಿಂದ ಭಟ್ಕಳಕ್ಕೆ, ಭಟ್ಕಳದಿಂದ ಕುಮಟಾಕ್ಕೆ ಅವರು ಆಯುಷ್ಯದ ಅರ್ಧ ಓಡಿಸಿದ್ದರು. ನಿವೃತ್ತಿಯಾಗಿ ಎಷ್ಟೋ ವರ್ಷವಾಗಿದ್ದರೂ ಬಿಸಿಲು ಸುಟ್ಟ ಆ ಬಣ್ಣ ಬಿಟ್ಟಿರಲಿಲ್ಲ. ಊರಿಗೆಲ್ಲ ಅವರು ಡ್ರೈವರು. ನನಗೆ ಡ್ರೈವರಣ್ಣ.

ನಿದ್ದೆಯಲ್ಲೇ ಹೋಗಿದ್ದರು. ನೋವಿಲ್ಲ, ನರಳಾಟವಿಲ್ಲ, ಯಾರ ಕೈಯಿಂದಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ದೇವರು ಅಷ್ಟು ಮಾಡಿದ, ಅದು ದೊಡ್ಡದು.

ಒಂದೇ ಬೇಲಿಯ ಆಚೆ ಈಚೆ ಇದ್ದರೂ ನಮ್ಮ ಮನೆಯವರು ಇರುವ ತನಕ ಡ್ರೈವರಣ್ಣನ ಹತ್ತಿರ ನಾನು ಹೆಚ್ಚು ಮಾತಾಡಿದವಳಲ್ಲ. ಅವರೂ ಮಾತಿನವರಲ್ಲ. ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು. ಮಗ, ಸೊಸೆ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಆದರೂ ಮನುಷ್ಯ ಒಬ್ಬರೇ ಇದ್ದ ಹಾಗೆ ಕಾಣುತ್ತಿತ್ತು. ಒಮ್ಮೆ ನಾನೇ ಕೇಳಿದೆ, "ಡ್ರೈವರಣ್ಣಾ, ದಿನಾ ಅಷ್ಟು ಜನರ ಸಂಗ್ತಿಗೆ ಇದ್ದವರು ನೀವು. ಈಗ ಬೇಜಾರು ಬರುದಿಲ್ವಾ?"

"ಜನ ಎಲ್ಲಿ ತಂಗಿ," ಅಂದರು. "ಎಲ್ಲಾ ನನ್ನ ಬೆನ್ನ ಹಿಂದೆ. ನಾ ನೋಡಿದ್ದು ಬರೀ ರಸ್ತೆ. ಚಾಲಕರ ಜತೆ ಮಾತಾಡಬೇಡಿ ಅಂತ ತಲೆ ಮೇಲೇ ಬರೆದು ಹಾಕಿದ್ರು."

ನಮ್ಮ ಮನೆಯವರು ಶಾಲೆಯಲ್ಲಿ ಗುಮಾಸ್ತರಾಗಿದ್ದರು. ಮನೆಯ ಹಿಂದಿನ ಅರ್ಧ ಎಕರೆ ಗದ್ದೆ ಅವರ ಹುಚ್ಚು. ಮಳೆಗಾಲಕ್ಕೆ ಭತ್ತ, ಅದು ಕೊಯ್ದ ಮೇಲೆ ಈರುಳ್ಳಿ, ಬದುವಿನಲ್ಲಿ ಹರಿವೆ, ಬಸಳೆ. ಹೊಟ್ಟೆಪಾಡಿಗೆ ಅಲ್ಲ, ಸಂಬಳ ಇತ್ತು, ಈಗ ನನಗೆ ಪಿಂಚಣಿ ಇದೆ, ಅದೂ ದೇವರ ದಯೆ. ಶಾಲೆ ಬಿಟ್ಟು ಬಂದು ಚಾ ಕುಡಿದವರೇ ಗದ್ದೆಗೆ ಇಳಿಯುತ್ತಿದ್ದರು. ನಾನು ಹಿಂದೆ ಹೋಗುತ್ತಿದ್ದೆ. ನಮಗೆ ಮಕ್ಕಳಿಲ್ಲ. ಸಂಜೆ ಹೊತ್ತು ಹೋಗುತ್ತಿದ್ದದ್ದು ಅಲ್ಲಿ.

ನಮ್ಮ ಮನೆಯವರು ತೀರಿಕೊಂಡ ವರ್ಷ ಗದ್ದೆ ಉಳುಮೆಯಿಲ್ಲದೆ ಹಡಿಲು ಬಿತ್ತು. ಜೋಡೆತ್ತು ಕಟ್ಟಿಕೊಂಡು ಬಂದು ಹೂಡಿಕೊಡುತ್ತಿದ್ದವನು ಎತ್ತು ಮಾರಿದ್ದ. ಬಾಡಿಗೆಯ ದೊಡ್ಡ ಟ್ರ್ಯಾಕ್ಟರು ನಮ್ಮ ಓಣಿಯಲ್ಲಿ ತಿರುಗುವುದಿಲ್ಲ. ಕುಮಟಾದಲ್ಲಿರುವ ನನ್ನ ತಮ್ಮ ಬಂದು ಗದ್ದೆಯ ಹುಲ್ಲು ನೋಡಿದ. "ಅಕ್ಕಾ, ಇಲ್ಲಿ ಒಬ್ಳೇ ಎಂತಕ್ಕೆ ಕೂತ್ಕಂತೆ? ಕಡಲ ಬದಿ ಜಾಗ, ಹೋಂ ಸ್ಟೇ ಮಾಡುವವರು ಕೇಳ್ತಾ ಇದ್ರು. ಮನೆ, ಗದ್ದೆ ಅವರಿಗೆ ಬಿಟ್ಟು ನಮ್ಮಲ್ಲಿಗೆ ಬಾ. ಹಿಂದಿನ ಕೋಣೆ ನಿಂಗೇ ಇಡ್ತೆ," ಅಂದ. ನನ್ನ ತಮ್ಮ ಒಳ್ಳೆಯವನು. ಕರೆದು ಅನ್ನ ಹಾಕುತ್ತೇನೆ ಅನ್ನುವ ತಮ್ಮ ಎಷ್ಟು ಜನಕ್ಕಿದ್ದಾನೆ? ಆದರೆ ಆ ಹಿಂದಿನ ಕೋಣೆ ನೆನೆದರೆ ನನಗೆ ಉಸಿರು ಕಟ್ಟುತ್ತಿತ್ತು. "ಈ ಸಲ ಈರುಳ್ಳಿ ಬೆಳೆದು ತೋರಿಸ್ತೆ. ಆಗದಿದ್ರೆ ನೀ ಹೇಳ್ದಂಗೆ," ಅಂದೆ. ಹೇಳಿಯಾದ ಮೇಲೆ ಭಯವಾಯಿತು. ಗದ್ದೆ ಹೂಡುವವರೇ ಇಲ್ಲ, ಬೆಳೆಯುವುದು ಎಲ್ಲಿಂದ?

ಮರುದಿನ ಬೇಲಿಯ ಹತ್ತಿರ ಡ್ರೈವರಣ್ಣನೇ ಮಾತು ತೆಗೆದರು. ತಮ್ಮ ಹೇಳಿದ್ದು ಅವರ ಕಿವಿಗೆ ಬಿದ್ದಿರಬೇಕು.

"ಹಳೇ ಸಣ್ಣ ಟ್ರ್ಯಾಕ್ಟರ್ ಸಿಕ್ತದೆ ತಂಗಿ. ತೋಟದೊಳಗೆ ಓಡಿಸೂದು. ನೋಡ್ವನಾ?"

ನಾನು ಮೊದಲು ಗ್ರಾಮದೇವತೆಯ ಹತ್ತಿರ ಹೋದೆ. ನಮ್ಮಲ್ಲಿ ಏನೇ ದೊಡ್ಡ ಕೆಲಸಕ್ಕೂ ಪ್ರಸಾದ ಕೇಳುವುದಿದೆ. ಭಟ್ಟರು ಅಮ್ಮನ ಮೂರ್ತಿಗೆ ನೀರಲ್ಲಿ ಅದ್ದಿದ ಹೂವಿನ ಎಸಳು ಅಂಟಿಸುತ್ತಾರೆ, ನಾವು ಕೈಮುಗಿದು ಕೇಳುತ್ತೇವೆ. ಬಲಗಡೆಯ ಎಸಳು ಬಿದ್ದರೆ ಅಪ್ಪಣೆ, ಎಡದ್ದು ಬಿದ್ದರೆ ಇಲ್ಲ. "ತಾಯಿ, ಟ್ರ್ಯಾಕ್ಟರ್ ತರಲಾ?" ಅಂತ ಕೇಳಿದೆ. ಬಹಳ ಹೊತ್ತು ಕಾಯಿಸಿ ಬಲಗಡೆಯ ಎಸಳು ಕೊಟ್ಟಳು.

ಮೊದಲು ನೋಡಲು ಹೋದದ್ದು ಹೊನ್ನಾವರದ ಕಾಸರಕೋಡಿಗೆ. ಹೊರಡುವ ಮುಂಚೆ ಡ್ರೈವರಣ್ಣ ಹೆಗಲ ಮೇಲಿನ ಟವೆಲನ್ನು ನಮ್ಮ ಗದ್ದೆಯ ಬಾಗಿಲಿಗೆ ಅಡ್ಡ ಹಿಡಿದು ಅಳೆದರು. ಒಂದು ಟವೆಲು, ಮೇಲೆ ಒಂದು ಗೇಣು. ಬಸ್ಸಿನಲ್ಲಿ ನಾನು ಹೆಂಗಸರ ಸೀಟಿನಲ್ಲಿ ಕೂತರೆ ಅವರು ಡ್ರೈವರನ ಹಿಂದಿನ ಸೀಟು ಹಿಡಿದರು. ನೋಡಿದವರು ಎಂತಾದರೂ ಅಂದುಕೊಂಡಾರು ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಬಸ್ಸು ತಿರುವು ತೆಗೆದುಕೊಂಡಾಗಲೆಲ್ಲ ಅವರ ಬಲಗಾಲು ತನ್ನಷ್ಟಕ್ಕೇ ನೆಲ ಒತ್ತುವುದನ್ನು ಹಿಂದಿನಿಂದ ನೋಡಿ ನನಗೆ ನಗು ಬಂತು.

ಕಾಸರಕೋಡಿನ ಟ್ರ್ಯಾಕ್ಟರು ನೀಲಿ ಬಣ್ಣ ಹೊಡೆಸಿಕೊಂಡು ಮದುಮಗನ ಹಾಗೆ ನಿಂತಿತ್ತು. ನನಗೆ ಕಂಡ ಕೂಡಲೇ ಮನಸ್ಸಾಯಿತು. ಡ್ರೈವರಣ್ಣ ಹಿಂದಿನ ಚಕ್ರಗಳಿಗೆ ಟವೆಲು ಅಡ್ಡ ಹಾಕಿದರು, ಸರಿಹೋಯಿತು. ಆಮೇಲೆ ಎಂಜಿನ್ ಶುರು ಮಾಡುವ ಮುಂಚೆ ಅದರ ಮೇಲೆ ಅಂಗೈ ಇಟ್ಟು ನೋಡಿದರು. ನಾವು ಬರುವ ಮುಂಚೆಯೇ ಮಾರುವವರು ಶುರು ಮಾಡಿ ಬಿಸಿ ಮಾಡಿಟ್ಟಿದ್ದರೆ ಅದಕ್ಕೆ ಬೆಳಿಗ್ಗೆ ಶುರುವಾಗದ ಕಾಯಿಲೆ ಇದೆ ಅಂತ ಅರ್ಥವಂತೆ. ತಣ್ಣಗೇ ಇತ್ತು. ಮತ್ತೆ ಬಗ್ಗಿ, ಅಡಿಯಲ್ಲಿ ಎಲ್ಲೋ ನಟ್ಟಿನ ಸಂದಿಗೆ ಬೆರಳು ಹಾಕಿ, ಆ ಬೆರಳನ್ನು ನಾಲಿಗೆಗೆ ಇಟ್ಟುಕೊಂಡರು. ಥೂ ಅಂದು ಉಗಿದರು.

"ಉಪ್ಪು," ಅಂದರು.

ಮಾರುವ ಮನುಷ್ಯ ಜೋರಾಗಿ ನಕ್ಕ. "ದೋಣಿ ಎಳೀತಿತ್ತು ಮಾರಾಯ್ರೆ. ಸಮುದ್ರದಾಗೆ ಉಪ್ಪು ಇಲ್ದೆ ಸಕ್ರೆ ಇರ್ತದಾ?"

ಬಣ್ಣದ ಒಳಗೆಲ್ಲ ತುಕ್ಕು ಹಿಡಿದಿದೆ ಎಂದು ಡ್ರೈವರಣ್ಣ ನನಗೆ ಬಿಡಿಸಿ ಹೇಳಿದರು. ನನಗೆ ಒಪ್ಪಲು ಕಷ್ಟ. "ಅಮ್ಮ ಬಲಕ್ಕೆ ಕೊಟ್ಟಳಲ್ಲ ಡ್ರೈವರಣ್ಣಾ," ಅಂದೆ.

"ನೀ ಎಂತ ಕೇಳ್ದೆ?"

"ಟ್ರ್ಯಾಕ್ಟರ್ ತರಲಾ ಅಂತ."

"ಯಾವ್ದು ಅಂತ ಕೇಳ್ದ್ಯಾ?"

"ಇಲ್ಲ."

"ಹಂಗಾರೆ ಟ್ರ್ಯಾಕ್ಟರಿಗೆ ಅಪ್ಪಣೆ ಆತು. ಈ ತುಕ್ಕಿಗೆ ಆಗ್ಲಿಲ್ಲ. ಅಮ್ಮನ ಮೇಲೆ ಹಾಕ್ಬೇಡ."

ಹೊರಡುವಾಗ ಅವರು ಒಂದು ಮಾತು ಹೇಳಿದರು. "ಸುಮ್ಮಗೆ ಹತ್ತಿ ಕೂತ್ಕ ನೋಡ್ವ. ಎಡಗಾಲಲ್ಲಿ ಆ ಪೆಡಲ್ ಒತ್ತು." ಮೀನು ಒಣಹಾಕುತ್ತಿದ್ದ ಹೆಂಗಸರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ಸೀರೆ ಉಟ್ಟವಳು ನಾನು, ಅಷ್ಟು ಜನರ ಎದುರಿಗೆ ಹತ್ತುವುದುಂಟೇ? ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಕೇಳಿಸದವಳ ಹಾಗೆ ನಡೆದೆ. ಅವರು ಮತ್ತೆ ಹೇಳಲಿಲ್ಲ.

ಮಂಕಿಯಲ್ಲಿ ಇನ್ನೊಂದು ಇತ್ತು. ಅಲ್ಲಿ ಟವೆಲು ಸಾಲಲಿಲ್ಲ. ದಿನಗಳು ಹೋಗುತ್ತಿದ್ದವು. ಅಕ್ಕಪಕ್ಕದ ಗದ್ದೆಗಳಲ್ಲಿ ಆಗಲೇ ಈರುಳ್ಳಿ ಸಸಿಗೆ ಮಡಿ ಏಳುತ್ತಿತ್ತು. ನಮ್ಮ ಗದ್ದೆಯಲ್ಲಿ ಹುಲ್ಲು ನನ್ನ ಸೊಂಟಕ್ಕೆ ಬಂದಿತ್ತು. ತಮ್ಮ ಫೋನು ಮಾಡಿ, ಕೋಣೆಗೆ ಸುಣ್ಣ ಹೊಡೆಸುತ್ತಿದ್ದೇನೆ ಅಂದ.

ಕೊನೆಗೆ ಹೋದದ್ದು ಭಟ್ಕಳದ ಹೊರಗೆ ಒಂದು ತೆಂಗಿನ ತೋಟಕ್ಕೆ. ತೋಟದ ಯಜಮಾನರು ವಯಸ್ಸಾದ ನವಾಯತ ಸಾಹೇಬರು. ಅವರ ಟ್ರ್ಯಾಕ್ಟರು ನೋಡಿ ನನ್ನ ಮುಖ ಸಣ್ಣಗಾಯಿತು. ಬಣ್ಣ ಯಾವುದು ಎಂದು ಹೇಳುವಂತಿಲ್ಲ. ಒಂದು ಬದಿಯ ಮಡ್‌ಗಾರ್ಡ್ ಇಲ್ಲ. ಸೀಟು ಹರಿದುಹೋಗಿ ಅಲ್ಲಿ ಗೋಣಿಚೀಲ ಮಡಚಿ ಕಟ್ಟಿತ್ತು. ಡ್ರೈವರಣ್ಣ ಟವೆಲು ಹಾಕಿದರು, ಅಂಗೈ ಇಟ್ಟರು, ಬೆರಳು ನೆಕ್ಕಿದರು. ಈ ಸಲ ಉಗಿಯಲಿಲ್ಲ.

ಸಾಹೇಬರು ಮೂರ್ನಾಲ್ಕು ಸಲ ಪ್ರಯತ್ನ ಮಾಡಿದ ಮೇಲೆ ಅದು ಬುಸುಬುಸು ಹೊಗೆ ಬಿಟ್ಟು ಶುರುವಾಯಿತು. "ಇದು ಮುದುಕ, ಅಮ್ಮಾ. ನನ್ನ ಹಾಗೆ," ಅಂದರು. "ಬೆಳಿಗ್ಗೆ ಸ್ವಲ್ಪ ಕೆಮ್ಮುತ್ತದೆ. ಆಮೇಲೆ ಮಧ್ಯಾಹ್ನದ ತನಕ ಯಾರ ಮಾತೂ ಕೇಳದೆ ಕೆಲಸ ಮಾಡ್ತದೆ." ಒಳಗಿನಿಂದ ಅವರ ಹೆಂಡತಿ ತಮ್ಮ ನವಾಯತಿ ಮಾತಿನಲ್ಲಿ ಏನೋ ಅಂದರು. ಸಾಹೇಬರು ನಕ್ಕು, "ನಾನು ಮಧ್ಯಾಹ್ನದ ಮೇಲೂ ಮಾತು ಕೇಳೂದಿಲ್ಲಂತೆ," ಅಂತ ನಮಗೆ ಹೇಳಿದರು.

ಆಮೇಲೆ ಕೇಳಿದರು, "ಓಡಿಸೋರು ಯಾರು? ನೀವಾ ಡ್ರೈವರ್ ಸಾಬ್?"

"ನಾ ಅಲ್ಲ," ಅಂದರು ಡ್ರೈವರಣ್ಣ. "ಇವಳು."

ನಾನು ಅವರ ಮುಖ ನೋಡಿದೆ. ಇಷ್ಟು ದಿನ ಅವರೇ ಹೂಡಿಕೊಡುತ್ತಾರೆ ಎಂದೇ ನಂಬಿಕೊಂಡು ಬಂದಿದ್ದೆ. ನನ್ನ ಮನಸ್ಸಿನಲ್ಲಿ ಬೇರೆ ಯೋಚನೆಯೇ ಇರಲಿಲ್ಲ.

"ನನ್ನತ್ರ ಆಗುದಿಲ್ಲ ಡ್ರೈವರಣ್ಣಾ. ಸೈಕಲ್ಲೇ ಹೊಡೆದವಳಲ್ಲ ನಾ."

"ಹಂಗಾರೆ ತಕಣೂದು ಬೇಡ, ಮನೆಗೆ ಹೋಗ್ವ," ಅಂದರು. ಸಿಟ್ಟಿನಿಂದಲ್ಲ, ಬಸ್ಸು ಮುಂದೆ ಹೋಗುವುದಿಲ್ಲ ಎಂದು ಹೇಳುವವರ ಹಾಗೆ. "ನಾ ಎಷ್ಟು ವರ್ಷ ಇರ್ತೆ? ಎತ್ತಿನವ ಹೋದ ಅಂತ ಒಂದ್ ವರ್ಷ ಕೂತೆ. ನಾಳೆ ಡ್ರೈವರ್ ಹೋದ ಅಂತ ಕೂತ್ಕಂತೆ. ಗದ್ದೆ ನಿಂದಾ, ನಂದಾ?"

ಸಾಹೇಬರು ತೆಂಗಿನ ಮರ ನೋಡುತ್ತ ನಿಂತರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಮ್ಮನ ಹೆಸರು ಹೇಳಿ, ಆ ಗೋಣಿಚೀಲದ ಮೇಲೆ ಹತ್ತಿ ಕೂತೆ. ಎಡಗಾಲು ಚಾಚಿದೆ. ಪೆಡಲು ಪಾದಕ್ಕೆ ಸಿಕ್ಕಿತು. ಒತ್ತಿದರೆ ಪೂರ್ತಿ ಕೆಳಗೆ ಹೋಯಿತು.

ಡ್ರೈವರಣ್ಣ ಬಗ್ಗಿ ನನ್ನ ಕಾಲನ್ನೇ ನೋಡುತ್ತಿದ್ದರು. "ಇದೇ ಆತು," ಅಂದರು. ಅವರು ಊರೂರು ತಿರುಗಿ ಹುಡುಕಿದ್ದು ನನ್ನ ಈ ಗಿಡ್ಡ ಕಾಲಿಗೆ ಹೊಂದುವ ಪೆಡಲನ್ನು ಎಂದು ನನಗೆ ಆಗ ತಿಳಿಯಿತು.

ಟೆಂಪೋದಲ್ಲಿ ಅದು ಮನೆಗೆ ಬಂತು. ಕುಂಕುಮ ಹಚ್ಚಿ, ಹೂ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ. ನಿಂಬೆಹಣ್ಣು ಮೆಟ್ಟಿಸುವುದಕ್ಕೂ ಅವರು ಹತ್ತಲಿಲ್ಲ, ನನ್ನನ್ನೇ ಹತ್ತಿಸಿದರು. ಆಮೇಲೆ ದಿನಾ ಬದುವಿನ ಮೇಲೆ ಕಲ್ಲಿಟ್ಟುಕೊಂಡು ಕೂತು ಕಲಿಸಿದರು. ಮುಂದೆ ಹೋಗಲಿಕ್ಕೆ "ರೈಟ್, ರೈಟ್." ನಿಲ್ಲಿಸಲಿಕ್ಕೆ ಒಂದು ಸಿಳ್ಳೆ. ಪಕ್ಕದ ಗದ್ದೆಯಲ್ಲಿ ಸಸಿ ನೆಡುತ್ತಿದ್ದ ಹೆಂಗಸರಿಗೆ ಅದೊಂದು ನಾಟಕ. "ಅಕ್ಕಾ, ಈ ಬಸ್ಸು ಹೊನ್ನಾವರಕ್ಕೆ ಹೋಗ್ತದ್ಯಾ?" ಅಂತ ಒಬ್ಬಳು. "ಸೀಟ್ ಇಲ್ಲ, ನಿಂತ್ಕಂಡು ಬಾ," ಅಂತ ಇನ್ನೊಬ್ಬಳು. ಒಂದು ದಿನ ಸಿಳ್ಳೆ ಕೇಳಿಸಿದರೂ ಕಾಲು ಕೇಳದೆ, ಸೀದಾ ಹೋಗಿ ಡ್ರೈವರಣ್ಣನದೇ ಗದ್ದೆಯ ಬದು ಒಡೆದೆ. ಕೆಳಗಿಳಿದೆ. ಅವರು ಕೂತಲ್ಲಿಂದ ಏಳಲಿಲ್ಲ. "ಅಡ್ಡಿಲ್ಲ. ಬ್ರೇಕ್ ಯಾವ್ದು ಅಲ್ಲ ಅಂತ ಗೊತ್ತಾತು," ಅಂದರು.

ಆ ವರ್ಷ ಈರುಳ್ಳಿ ತಡವಾಗಿ ಹಾಕಿದೆ, ಗಡ್ಡೆ ಸಣ್ಣದಾಯಿತು. ಆದರೂ ಆಯಿತು. ತಮ್ಮ ಬಂದವನು ಒಂದು ಜಡೆ ಹೆಗಲಿಗೆ ಹಾಕಿಕೊಂಡು, "ಆ ಕೋಣೆಗೆ ಅಕ್ಕಿಮೂಟೆ ಹಾಕ್ತೆ ಹಂಗಾರೆ," ಅಂದು ಹೋದ.

ಈ ಸಲ ಹೂಡಲು ಶುರು ಮಾಡಿದ ದಿನ ಡ್ರೈವರಣ್ಣ ಬದುವಿಗೆ ಬರಲಿಲ್ಲ. ಮೈ ಸರಿಯಿಲ್ಲವೇನೋ ಎಂದು ಕೇಳಲು ಹೋದೆ.

"ಸರಿ ಇದೆ. ನಾ ಇನ್ನು ಬರೂದಿಲ್ಲ," ಅಂದರು. "ನಾ ಕೂತ್ರೆ ನೀ ನನ್ನೇ ನೋಡ್ತೆ. ಮುಂದೆ ನೋಡೂದಿಲ್ಲ."

ಅವರು ಹೇಳಿದ್ದು ಸರಿ. ಆದರೆ ಆ ಖಾಲಿ ಬದು ನೋಡಿಕೊಂಡು ಹೂಡುವಾಗ ನನಗೆ ಎಷ್ಟು ಒಂಟಿ ಅನಿಸಿತೆಂದರೆ, ನಮ್ಮ ಮನೆಯವರು ಹೋದ ಹೊಸದರಲ್ಲೂ ಅಷ್ಟು ಅನಿಸಿರಲಿಲ್ಲ. ಆಗ ಮನೆ ತುಂಬ ಜನರಾದರೂ ಇದ್ದರು. ಈಗ ಎಂಜಿನ್ನಿನ ಸದ್ದು ಒಂದೇ. ಅದರಲ್ಲಿ ಅತ್ತರೆ ಯಾರಿಗೂ ಕೇಳುವುದಿಲ್ಲ. ಅದೂ ಒಂದು ಅನುಕೂಲವೇ.

ಇವತ್ತು ಮಧ್ಯಾಹ್ನದ ಹೊತ್ತಿಗೆ ಡ್ರೈವರಣ್ಣನನ್ನು ಸುಡುಗಾಡಿಗೆ ಎತ್ತಿಕೊಂಡು ಹೋದರು. ಹೆಂಗಸರು ನಾವು ಅಂಗಳದಲ್ಲೇ ಉಳಿದೆವು. ಸೊಸೆ ನನ್ನ ಪಕ್ಕಕ್ಕೆ ಬಂದು ಕೂತಳು. "ಅಕ್ಕಾ, ನೀವು ಹೂಡುವ ದಿನ ಮಾವ ಬೆಳಗಿನ ಚಾ ಬೇಗ ಕುಡೀತಿರ್ಲಿಲ್ಲ. ಕೊಟ್ರೆ, ತಡಿ, ಅದು ಕೆಮ್ಮು ಮುಗಿಸ್ಲಿ ಅಂತಿದ್ರು. ನಿಮ್ಮ ಟ್ರ್ಯಾಕ್ಟರ್ ಸಮ ಓಡೂಕೆ ಶುರು ಆದ ಮೇಲೇ ಲೋಟ ತಕಣ್ತಿದ್ರು. ಚಾ ಆರಿ ನೀರಾಗ್ತಿತ್ತು," ಅಂದಳು.

ಗದ್ದೆಯಲ್ಲಿ ನಾನು ಒಬ್ಬಳೇ ಎಂದುಕೊಂಡ ಆ ಬೆಳಗುಗಳಲ್ಲಿ ಬೇಲಿಯ ಆಚೆ ಒಬ್ಬರು ಕಿವಿ ಕೊಟ್ಟು ಕೂತಿದ್ದರು. ಇದನ್ನು ತಿಳಿಯುವ ತನಕ ದೇವರು ನನ್ನನ್ನು ಈ ಊರಲ್ಲೇ ಉಳಿಸಿದ. ಅವರಿಗೆ ನಾನು ಕೊಡಬೇಕಾದದ್ದು ಬಹಳ ಇದೆ, ಕೊಡಲು ಅವರಿಲ್ಲ.

ಮನೆಗೆ ಬಂದು ತಲೆಗೆ ಸ್ನಾನ ಮಾಡಿದೆ. ಸೀರೆ ಹಿಂಡಿ ಒಣಹಾಕಿದೆ. ಸಾವಾದ ಮನೆಯಲ್ಲಿ ಇವತ್ತು ಒಲೆ ಹಚ್ಚುವಂತಿಲ್ಲ. ಸುಡುಗಾಡಿಗೆ ಹೋದವರು ಹಸಿದು ಬರುತ್ತಾರೆ, ಅಕ್ಕಪಕ್ಕದವರೇ ಗಂಜಿ ಕಳಿಸಬೇಕು. ನನ್ನದು ಒಬ್ಬಳ ಅಡಿಗೆ, ಅಂಗೈಯಷ್ಟು ಪಾತ್ರೆ. ಏಣಿ ಹಾಕಿ ಅಟ್ಟ ಹತ್ತಿ, ನಮ್ಮ ಮನೆಯವರ ಕಾರ್ಯಕ್ಕೆ ಬಳಸಿ ಮೇಲಿಟ್ಟ ಮೇಲೆ ಮುಟ್ಟದ ದೊಡ್ಡ ಅಡಿಗೆಯ ಚರಿಗೆಯನ್ನು ಕೆಳಗಿಳಿಸಿದೆ. ಧೂಳು ಹಿಡಿದಿತ್ತು. ಹುಣಸೆಹುಳಿ ಹಾಕಿ ತಿಕ್ಕಿ, ನೀರು ತುಂಬಿ ಒಲೆಯ ಮೇಲೆ ಇಟ್ಟು, ಅಕ್ಕಿ ತೊಳೆಯಲು ಕೂತೆ.