ಚೀಟಿಯಲ್ಲಿ ಬರೆದ ವೋಲ್ಟು

ಗೊತ್ತಿದ್ದವನು ಬಾಯಿಬಿಟ್ಟು ಹೇಳಬೇಕಿತ್ತು ಅನ್ನೋ ಸಿಟ್ಟು ಕೆಂಡನಿಗೆ ಇವತ್ತಿಗೂ ಆರಿಲ್ಲ. ಕೆಂಡ ಅನ್ನೋದು ವೆಲ್ಡಿಂಗ್ ಶಾಪಿನವರು ಇಟ್ಟ ಹೆಸರು. ಮೂಗಿನ ತುದಿಯಲ್ಲೇ ಕೋಪ, ಮಾತಿಗಿಂತ ಮೊದಲು ಕೈ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದ್ದು ಅಕ್ಕ. ಮದುವೆಯಾಗದ ಅವನಿಗೆ ಲೋಕದಲ್ಲಿ ತನ್ನದು ಅನ್ನೋ ಮನೆ ಅದೊಂದೇ.

ಅಕ್ಕನ ಗಂಡ ಟ್ರಾನ್ಸ್‌ಫಾರ್ಮರ್ ಸುತ್ತುವವನು. ಮಾತು ಕಮ್ಮಿ, ಕೈ ಮಾತ್ರ ಬಂಗಾರ. ಕೂದಲೆಳೆಯಂಥ ತಂತಿಯನ್ನು ಒಂದು ಸಲವೂ ತುಂಡಾಗದಂತೆ ಸಾವಿರ ಸುತ್ತು ಸುತ್ತುತ್ತಿದ್ದ. ಅವನದೊಂದು ಪದ್ಧತಿ: ಬೇಕಾದ ವೋಲ್ಟನ್ನು ಗಿರಾಕಿಯ ಕೈಯಲ್ಲೇ ಚೀಟಿಯಲ್ಲಿ ಬರೆಸಿ, ಅದನ್ನು ಕೊನೆಯ ಸುತ್ತಿನ ಮೇಲಿಟ್ಟು ಟೇಪು ಹಾಕುತ್ತಿದ್ದ. ಆಮೇಲೆ ನಾನು ಹಾಗಂದಿಲ್ಲ, ಹೀಗಂದಿಲ್ಲ ಅನ್ನೋ ತಗಾದೆ ಬೇಡ ಅಂತ.

ಕೆಂಡ ಮನೆಯಲ್ಲಿ ತಾನೇ ಆಂಪ್ಲಿಫೈಯರ್ ಕಟ್ಟುತ್ತಿದ್ದ. ಆ ಕಡೆ ಇಪ್ಪತ್ತೈದು, ಈ ಕಡೆ ಇಪ್ಪತ್ತೈದು ವೋಲ್ಟು ಬೇಕು ಅಂತ ಬೋರ್ಡಿನ ಜೊತೆ ಬಂದ ಹಾಳೆಯಲ್ಲಿತ್ತು. ಅದನ್ನೇ ಭಾವನ ಚೀಟಿಯಲ್ಲಿ ಗೀಚಿದ. ಟ್ರಾನ್ಸ್‌ಫಾರ್ಮರ್ ಕೊಡುವ ಇಪ್ಪತ್ತೈದು ಡಯೋಡು ದಾಟಿ ಕಪಾಸಿಟರಿಗೆ ತುಂಬುವಷ್ಟರಲ್ಲಿ ಮೂವತ್ತೈದಾಗುತ್ತೆ, ಹದಿನೆಂಟು ಕೇಳಿದ್ದರೆ ಬೋರ್ಡಿಗೆ ಬೇಕಾದ ಇಪ್ಪತ್ತೈದು ಸಿಗುತ್ತಿತ್ತು ಅನ್ನೋದು ಅವನಿಗೆ ತಿಳಿದಿರಲಿಲ್ಲ. ಇನ್ನೊಂದ್ಸಲ ನೋಡಿ ಬರಿ ಅಂತ ಭಾವ ಅಂದದ್ದಕ್ಕೆ, ನನಗೇನು ಓದಕ್ಕೆ ಬರಲ್ವಾ ಅಂತ ಹಾರಿಬಿದ್ದ. ಭಾವ ಮತ್ತೆ ತುಟಿ ಬಿಚ್ಚಲಿಲ್ಲ.

ಭಾನುವಾರ ಬೆಳಗ್ಗೆ ಸ್ವಿಚ್ ಹಾಕಿ ಬಗ್ಗಿ ನೋಡುತ್ತಿದ್ದಾಗ ಅಷ್ಟು ವೋಲ್ಟು ತಡೆಯದ ಕಪಾಸಿಟರ್ ಗುಂಡು ಹಾರಿದಂತೆ ಸಿಡಿದು, ಅದರ ತಗಡಿನ ಡಬ್ಬಿ ಹುಬ್ಬು ಸೀಳಿತು. ಇನ್ನೊಂದು ಸಿಡಿದು ಗೋಡೆಗೆ ಬಡಿಯಿತು. ಕೆಂಡ ರಕ್ತ ಒರೆಸಿಕೊಳ್ಳಲೂ ನಿಲ್ಲಲಿಲ್ಲ. ಟ್ರಾನ್ಸ್‌ಫಾರ್ಮರ್ ಕಿತ್ತು ಕಂಕುಳಲ್ಲಿಟ್ಟು, ಸ್ಪ್ಯಾನರ್ ಹಿಡಿದು ಅಕ್ಕನ ಮನೆ ಮುಂದಿನ ಭಾವನ ಅಂಗಡಿಗೆ ಓಡಿದ.

"ನನ್ನ ಕಣ್ಣು ತೆಗೆಯಕ್ಕೇ ಸುತ್ತಿಕೊಟ್ಯಾ ಭಾವ?"

"ನೀನು ಬರೆದದ್ದನ್ನೇ ಸುತ್ತಿದೀನಿ ಕಣೋ."

ಕೆಂಡ ಸ್ಪ್ಯಾನರ್ ಬೀಸಿದ. ತಲೆಗೆ ಅಡ್ಡ ಬಂದ ಭಾವನ ಬಲಗೈಗೆ ಮೊದಲ ಏಟು. ಆ ಕೈ ಮೇಜಿನ ಮೇಲೆ ಬಿದ್ದಾಗ ಅದರ ಮೇಲೇ ಇನ್ನೆರಡು. ಒಣಕಡ್ಡಿ ಮುರಿದಂತೆ ಬೆರಳು ಮುರಿದವು. ಚೀರಾಟ ಕೇಳಿ ಒಳಗಿಂದ ಬಂದ ಅಕ್ಕ ಕಬ್ಬಿಣದ ಸ್ಟೂಲನ್ನೆತ್ತಿ ತಮ್ಮನ ಬೆನ್ನಿಗೆ ಹಾಕಿ ಕೆಡವಿದಳು. ಕೆಳಗೆ ಬಿದ್ದಿದ್ದ ಟ್ರಾನ್ಸ್‌ಫಾರ್ಮರಿನ ಟೇಪನ್ನು ಕತ್ತರಿಯಿಂದ ಸೀಳಿ, ಚೀಟಿಯನ್ನು ಅವನ ಮುಖಕ್ಕೆ ಹಿಡಿದಳು. ಸೊಟ್ಟ ಸೊಟ್ಟ ಅಕ್ಷರ ಅವನದೇ.

ಆಸ್ಪತ್ರೆಯಲ್ಲಿ ಪೊಲೀಸರು ಕೇಳಿದ್ದಕ್ಕೆ ಭಾವ, ಮೆಷಿನ್‌ಗೆ ಕೈ ಸಿಕ್ಕಿತು ಅಂದುಬಿಟ್ಟ. ಮೂರು ಬೆರಳು ಮಡಚಲಾಗದೆ ಹಾಗೇ ನಿಂತವು. ಅಂಗಡಿ ಮುಚ್ಚಿತು. ಅಕ್ಕ ತಮ್ಮನ ಮುಖ ನೋಡಲಿಲ್ಲ.

ಆರು ತಿಂಗಳು ತಡೆದುಕೊಂಡು ಕೆಂಡ ಅದೇ ಸ್ಪ್ಯಾನರ್ ತಗೊಂಡು ಹೋಗಿ ಅಕ್ಕನ ಮನೆಯ ಹೊಸ್ತಿಲ ಹೊರಗೆ ಮಂಡಿಯೂರಿದ. ಬಲಗೈಯನ್ನು ಮೆಟ್ಟಿಲ ಮೇಲಿಟ್ಟ.

"ಮೂರು ಏಟು ಕೊಟ್ಟಿದ್ದೆ ಭಾವ. ಎಣಿಸಿ ವಾಪಸ್ ಕೊಟ್ಟುಬಿಡು."

ಭಾವ ಎಡಗೈಯಲ್ಲಿ ಸ್ಪ್ಯಾನರ್ ಎತ್ತಿದ, ತೂಕ ನೋಡಿದ. ಕೆಂಡ ಹಲ್ಲು ಕಚ್ಚಿ ಕಣ್ಣು ಮುಚ್ಚಿದ.

"ಬೇಡ ಕಣೋ," ಅಂದ ಭಾವ, ಸ್ಪ್ಯಾನರನ್ನು ಅವನ ಪಕ್ಕದಲ್ಲಿಡುತ್ತಾ. "ಸಾಲ ಹಂಗೇ ಇರ್ಲಿ. ತೀರಿಸ್ಕೊಂಡ್ರೆ ನಿನ್ನನ್ನ ಒಳಗೆ ಕರೀಬೇಕಾಗುತ್ತೆ."

ಒಳಗೆ ಅಕ್ಕ ಪಾತ್ರೆ ತಿಕ್ಕುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.