ಸೋಸಿದ ನೀರು

ನವಲಗುಂದದ ಕಡೆ ನಮ್ಮೂರಲ್ಲಿ ಬೋರಿನ ನೀರು ಸವಳು, ಕುಡಿಯುವುದು ಕೆರೆಯದು. ಕೊಡದ ಬಾಯಿಗೆ ಬಿಳಿ ಧೋತರ ಕಟ್ಟಿ ಸೋಸದೆ ಅವ್ವ ಒಂದು ಹನಿಯನ್ನೂ ಮನೆಯೊಳಗೆ ಬಿಟ್ಟವಳಲ್ಲ. ಅದನ್ನೇ ನಾನು ಮತ್ತೆ ಕಾಯಿಸಿ, ಆರಿಸಿ, ಬೆಳಕಿಗೆ ಹಿಡಿದು ನೋಡಿ ಕುಡಿಯುವವನು. ಕಾಳಜಿ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ತಾಲೂಕಿನಲ್ಲಿ ಇರಲಿಕ್ಕಿಲ್ಲ.

ಅವ್ವನ ಬಲಗಣ್ಣಿನ ಪೊರೆ ತೆಗೆಸಿದಾಗಲೂ ಕರೆಂಟು ಹೋದರೆ ಏನು, ಡಾಕ್ಟರ ಕೈ ನಡುಗಿದರೆ ಏನು ಎಂದೆಲ್ಲ ಹೆದರಿದ್ದೆ. ಆಪರೇಶನ್ ಮಾಡುವಾಗ ಕಣ್ಣಿನೊಳಗೆ ತೊಳೆಯಲು ಒಂದು ನೀರು ಬಿಡುತ್ತಾರೆಂಬುದೇ ಗೊತ್ತಿರಲಿಲ್ಲ. ಹೆದರದೆ ಬಿಟ್ಟದ್ದು ಅದೊಂದಕ್ಕೇ.

ಪಟ್ಟಿ ಬಿಚ್ಚಿದಾಗ ಅವ್ವ, "ಮಂಜ ಬಿದ್ದೈತೇನು?" ಅಂದಳು. ಹೊರಗೆ ಉರಿಬಿಸಿಲು. ಕರಿಗುಡ್ಡೆಯ ಮೇಲಿನ ಗಾಜಿನಂಥ ಪದರ ಊದಿ ಮಬ್ಬಾಗಿತ್ತು. ಆ ಮಂಜು ಹೋಗಲೇ ಇಲ್ಲ. ಬೆಳಿಗ್ಗೆ ದಟ್ಟ, ಮಧ್ಯಾಹ್ನ ತುಸು ತೆಳು. ಹುಬ್ಬಳ್ಳಿಯ ಇನ್ನೊಬ್ಬ ಡಾಕ್ಟರು ನೋಡಿ, ತೊಳೆಯುವ ದ್ರವದಲ್ಲಿ ಏನೋ ತಪ್ಪಾಗಿದೆ, ಆ ಪದರ ಕೆಟ್ಟಿದೆ ಎಂದರು. ಅವ್ವನಿಗೆ ತಿಳಿದದ್ದು ಒಂದೇ: "ಸೋಸಿದ್ದಿಲ್ಲ ಅವರು."

ಈ ವರ್ಷ ಎಡಗಣ್ಣಿಗೂ ಪೊರೆ ಬಲಿಯಿತು. ತೆಗೆಸದಿದ್ದರೆ ಕತ್ತಲೆ, ತೆಗೆಸಿದರೆ ಮತ್ತೆ ಅದೇ ಮಂಜೇನೋ ಎಂಬ ಹೆದರಿಕೆ. ಕೊನೆಗೆ ಅವ್ವ ಧೋತರ ಮಡಚಿ, ನೀರು ಸೋಸಿ, ಬಾಟಲಿ ತುಂಬಿ ನನ್ನ ಕೈಗೆ ಕೊಟ್ಟಳು.

"ಇದನ್ನಽ ಹಾಕಂತ ಹೇಳು. ಅಂದ್ರ ಬರ್ತೀನಿ."

"ಹಂಗ ಹಾಕಾಕ ಬರಂಗಿಲ್ಲಬೇ."

"ಮದಲ ಅವರದಽ ಹಾಕಿದ್ರಲ್ಲ, ಏನಾತು?"

ಬಾಟಲಿಯನ್ನು ಚೀಲದಲ್ಲಿ ಮುಚ್ಚಿಟ್ಟುಕೊಂಡು, ಅವ್ವನನ್ನು ಹುಬ್ಬಳ್ಳಿಗೆ ಕರೆದೊಯ್ದು ಆ ಡಾಕ್ಟರನ್ನೇ ಕೇಳಿದೆ: "ನೀರು ಯಾವುದ್ರೀ?"

ಅವರು ಮೂಲೆಯ ಕುಡಿಯುವ ನೀರಿನ ಫಿಲ್ಟರ್ ಕಡೆ ಕೈ ತೋರಿಸಿದರು. ಆಮೇಲೆ ನನ್ನ ಮುಖ ನೋಡಿ, "ಕಣ್ಣಿಂದೇನ್ರಿ? ಹಚ್ಚೂ ಮದಲ ನಮ್ಮ ಬಾಟ್ಲಿ ಮ್ಯಾಲಿನ ಚೀಟಿ ನಾನಽ ಓದಿ ನೋಡ್ತೀನಿ," ಅಂದರು. ಅವ್ವನನ್ನು ಒಳಗೆ ಕರೆದೊಯ್ದರು.

ಮರುದಿನ ಪಟ್ಟಿ ಬಿಚ್ಚಿದಾಗ ಅವ್ವ ನನ್ನ ತೊಡೆಯ ಕಡೆಗೇ ನೋಡಿದಳು. ಚೀಲದಿಂದ ಅವಳ ಬಾಟಲಿಯನ್ನು ಯಾವಾಗ ತೆಗೆದು ಹಿಡಿದುಕೊಂಡಿದ್ದೆನೋ.

"ಬಾಟ್ಲಿ ತುಂಬಿದ್ದು ತುಂಬಿದಂಗಽ ಐತಲ್ಲೋ," ಅಂದಳು.

ಕಂಡಿತ್ತು. ನಾನು ನಗುವಷ್ಟರಲ್ಲಿ ಅವಳ ಮುಖ ಬಾಡಿತು. "ಅಂದ್ರ ಅವರದಽ ಹಾಕ್ಯಾರ."

ಈಗ ದಿನಾ ಎದ್ದ ಕೂಡಲೇ ಮಬ್ಬುಗಣ್ಣನ್ನು ಅಂಗೈಯಿಂದ ಮುಚ್ಚಿ, ಇನ್ನೊಂದರಿಂದ ನನ್ನನ್ನು ಹುಡುಕುತ್ತಾಳೆ. ಚಹಾದ ಕಪ್ಪು ಹಿಡಿದು ನಾನು ಅಲುಗಾಡದೆ ನಿಂತಿರುತ್ತೇನೆ. "ಅದೀಯಪಾ," ಎಂದು ಅವಳು ಅನ್ನುವವರೆಗೆ, ನಾನಿದ್ದೇನೆಂಬ ಖಾತ್ರಿ ನನಗೂ ಇರುವುದಿಲ್ಲ.